ದುಬೈ ಬಿಸಿಲಲ್ಲೂ ಎಲೆಯ ಅಚ್ಚು ಮಸುಕಾಗುವುದು ಯಾಕೆ?

ಪ್ರಶ್ನೆ: ನಾವು ದುಬೈನಲ್ಲಿದ್ದೇವೆ. ಮಗಳಿಗೆಂದು ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಅಚ್ಚು ಮೂಡಿಸುವ ಕಿಟ್ ತರಿಸಿದೆ. ಇಲ್ಲಿ ಬಿಸಿಲಿಗಂತೂ ಬರವಿಲ್ಲ. ಆದರೂ ಎಲೆಯ ಅಂಚು ಮಸುಕು, ಒಳಗೆಲ್ಲ ನೀಲಿ ಕಲೆ. ಇನ್ನೂ ಜಾಸ್ತಿ ಹೊತ್ತು ಬಿಸಿಲಲ್ಲಿ ಇಡಬೇಕಾ?

ಉತ್ತರ: ಬೇಡ. ಬಿಸಿಲು ಈಗಾಗಲೇ ಸಾಕಷ್ಟಾಗಿದೆ. ತೊಂದರೆ ಇರುವುದು ಎಲೆಯಲ್ಲಿ.

ಈ ಅಚ್ಚು ಮೂಡಿಸುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ಅಲ್ಟ್ರಾವಯಲೆಟ್ ಕಿರಣ. ಕಾಗದಕ್ಕೆ ಹಚ್ಚುವುದು ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿದ ದ್ರಾವಣ. ಕಿರಣ ಬಿದ್ದ ಕಡೆ ಕಬ್ಬಿಣ ರೂಪ ಬದಲಿಸಿ, ನೀರಿಗೆ ಕರಗದ ಪ್ರಷ್ಯನ್ ನೀಲಿ ಎಂಬ ಬಣ್ಣವಾಗುತ್ತದೆ. ಎಲೆ ಮರೆಮಾಡಿದ ಕಡೆ ದ್ರಾವಣ ಹಾಗೇ ಉಳಿದು, ತೊಳೆದಾಗ ಹೊರಟುಹೋಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಇದನ್ನು ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಇಂಗ್ಲೆಂಡಿನಲ್ಲಿ ಪಾಚಿಗಳನ್ನು ಕಾಗದದ ಮೇಲಿಟ್ಟು ಪುಸ್ತಕವನ್ನೇ ಹೊರತರಲು ಶುರುಮಾಡಿದರು. ಕ್ಯಾಮೆರಾ ಇಲ್ಲ, ಇಂಗ್ಲೆಂಡಿನ ಮಂಕು ಬಿಸಿಲು ಬೇರೆ! ನಿಮಗೆ ಬಿಸಿಲಿನ ಚಿಂತೆಯೇ ಬೇಡ.

ಇನ್ನು ಎಲೆಯ ವಿಷಯ. ಹಸಿ ಎಲೆಯನ್ನು ಕಾಗದದ ಮೇಲಿಟ್ಟು ಗಾಜಿನಡಿ ಒತ್ತಿ ನಲವತ್ತು ಡಿಗ್ರಿ ಬಿಸಿಲಲ್ಲಿಟ್ಟರೆ ಅದು ಬೆವರುತ್ತದೆ. ಆ ನೀರು ದ್ರಾವಣವನ್ನು ಕದಡುತ್ತದೆ. ನಿಮ್ಮ ಕಲೆಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಎಲೆಯನ್ನು ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ಒಂದೆರಡು ದಿನ ಬಿಡಿ. ತೇವವೂ ಹೋಗುತ್ತದೆ, ಎಲೆಯೂ ಚಪ್ಪಟೆಯಾಗುತ್ತದೆ. ಕಾಗದಕ್ಕೆ ಅಂಟಿ ಕೂರದ ಎಲೆಯಡಿ ಬೆಳಕು ನುಗ್ಗುವುದರಿಂದಲೇ ಅಂಚು ಮಸುಕಾಗುವುದು. ದ್ರಾವಣ ಹಚ್ಚಿದ ಕಾಗದವೂ ಪೂರ್ತಿ ಒಣಗಿರಬೇಕು. ಬೇಸಿಗೆಯಲ್ಲಿ ದುಬೈ ಗಾಳಿ ಎಷ್ಟು ಜಿಗುಟು ಅಂತ ನಿಮಗೇ ಗೊತ್ತಲ್ವಾ? ಎಸಿ ಇರುವ ಕತ್ತಲೆ ಕೋಣೆಯಲ್ಲಿ ಒಣಗಿಸಿ.

ಮರುಭೂಮಿಯ ಗಿಡಗಳಲ್ಲಿ ಬಹಳಷ್ಟರ ಎಲೆ ದಪ್ಪ, ಮಾಂಸಲ. ಅವನ್ನು ಬಿಟ್ಟುಬಿಡಿ. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಘಾಫ್. ಯುಎಇಯ ರಾಷ್ಟ್ರೀಯ ಮರ ಅದು. ನಾವು ವಿಜಯದಶಮಿಗೆ ಬಂಗಾರವೆಂದು ಹಂಚುವ ಬನ್ನಿಯೂ ಇದೇ ಮರ. ಅದರ ಸಣ್ಣ ಸಣ್ಣ ಎಲೆಗಳು ಬೇಗ ಒಣಗುತ್ತವೆ, ಅಚ್ಚು ಕೂದಲೆಳೆಯಷ್ಟು ಸ್ಪಷ್ಟವಾಗಿ ಬರುತ್ತದೆ. ಮರದಿಂದ ಕೀಳಬೇಡಿ, ಅದಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಉದುರಿದ ಕಡ್ಡಿಗಳನ್ನು ಆಯ್ದುಕೊಂಡರೆ ಸಾಕು. ರಸ್ತೆ ಬದಿಯ ಬೇವೂ ಚೆನ್ನ. ಬೋಗನ್‌ವಿಲ್ಲಾದ ಪಕಳೆಯಂಥ ತೆಳು ಬಣ್ಣದೆಲೆಯಲ್ಲಿ ಸ್ವಲ್ಪ ಬೆಳಕು ತೂರಿ ನರಗಳೂ ಮೂಡುತ್ತವೆ.

ಯಾವ ಹೊತ್ತಿಗೆ ಇಡಬೇಕು? ಜೂನ್ ಮಧ್ಯಾಹ್ನ ಸೂರ್ಯ ದುಬೈನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನೆರಳು ನೇರ ಕೆಳಗೆ ಬಿದ್ದು ಅಂಚು ಚೂಪಾಗುತ್ತದೆ. ಆದರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಕೂಲಿಯವರನ್ನೂ ಬಿಸಿಲಲ್ಲಿ ದುಡಿಸಬಾರದು ಎಂದು ಅಲ್ಲಿ ಕಾನೂನೇ ಇದೆ. ಒಂದು ಎಲೆಗಾಗಿ ಮಗುವನ್ನು ಆ ಬಿಸಿಲಿಗೆ ನಿಲ್ಲಿಸೋದು ಯಾಕೆ? ಬೆಳಿಗ್ಗೆ ಹತ್ತರ ಹೊತ್ತಿಗೆ ಇಡಿ, ಕಾಗದವಿಟ್ಟ ಹಲಗೆಯನ್ನು ಸೂರ್ಯನಿಗೆ ಎದುರಾಗಿ ಓರೆ ಮಾಡಿ. ಧೂಳು ಮುಸುಕಿದ ದಿನ ಬೆಳಕು ಚದುರುತ್ತದೆ, ಅವತ್ತು ಬೇಡ. ಕಿಟಕಿಯ ಒಳಗಡೆ ಇಡುವುದೂ ಬೇಡ. ಫ್ಲ್ಯಾಟುಗಳ ಬಣ್ಣದ ಗಾಜು, ಗಾಜಿಗೆ ಅಂಟಿಸಿದ ಫಿಲ್ಮ್ ಎಲ್ಲ ನಮಗೆ ಬೇಕಾದ ಕಿರಣವನ್ನೇ ತಡೆಯುತ್ತವೆ.

ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ಹಳದಿ-ಹಸಿರು ಕಾಗದ ಮೊದಲು ನೀಲಿಯಾಗುತ್ತದೆ, ಆಮೇಲೆ ಕಂಚಿನ ಛಾಯೆಯ ಬೂದು ಬಣ್ಣಕ್ಕೆ ತಿರುಗುತ್ತದೆ. ಆಗ ತೆಗೆಯಿರಿ. ಅಷ್ಟು ಬಿಸಿಲಿಗೆ ಕೆಲವೇ ನಿಮಿಷ ಸಾಕು. ಇನ್ನೂ ಬಿಟ್ಟರೆ ತೆಳು ಎಲೆಯ ಮೂಲಕವೂ ಬೆಳಕು ಇಳಿದು ಒಳಭಾಗ ನೀಲಿಯಾಗುತ್ತದೆ.

ತೊಳೆಯುವ ನೀರು ತಣ್ಣಗಿರಲಿ. ಬೇಸಿಗೆಯಲ್ಲಿ ಅಲ್ಲಿನ ನಲ್ಲಿಯಲ್ಲಿ ಬರುವ ‘ತಣ್ಣೀರು’ ಟ್ಯಾಂಕಿನಲ್ಲಿ ಕಾದು ಸುಡುತ್ತಿರುತ್ತದೆ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಡಿ. ಹಳದಿ ಪೂರ್ತಿ ಹೋಗುವವರೆಗೆ ತೊಳೆಯಿರಿ. ಸೋಪು, ಸೋಡಾ ತಾಗಿಸಬೇಡಿ, ಕ್ಷಾರ ಈ ನೀಲಿಯನ್ನು ತಿಂದುಬಿಡುತ್ತದೆ. ಒಣಗಿದ ಮೇಲೆ ಒಂದು ದಿನದಲ್ಲಿ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ.

ಮಗಳು ತೀರಾ ಚಿಕ್ಕವಳಾದರೆ ಈ ದ್ರಾವಣದ ಬದಲು ಅರಿಶಿನದಲ್ಲೇ ಮಾಡಬಹುದು. ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ಸೋಸಿ, ಕಾಗದಕ್ಕೆ ನೀವೇ ಹಚ್ಚಿಕೊಡಿ. ಒಣಗಿದ ಮೇಲೆ ಎಲೆ ಇಟ್ಟು ಬಿಸಿಲಿಗೆ ಬಿಡಿ. ತೆರೆದ ಕಡೆ ಹಳದಿ ಮಾಸಿ, ಎಲೆಯಡಿ ಮಾತ್ರ ಉಳಿಯುತ್ತದೆ. ಇದಕ್ಕೆ ನಿಮಿಷಗಳಲ್ಲ, ಗಂಟೆಗಳು ಬೇಕು. ಮೇಲೆ ಬಿಳಿಗಾರದ (ಬೋರಾಕ್ಸ್) ನೀರು ಸವರಿದರೆ ಹಳದಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಅರಿಶಿನದಿಂದ ಕುಂಕುಮ ಮಾಡುವುದೂ ಹೀಗೇ ತಾನೆ? ಬಿಳಿಗಾರ ಸವರುವ ಕೆಲಸವೂ ನಿಮ್ಮದೇ ಇರಲಿ. ಈ ಅರಿಶಿನದ ಅಚ್ಚನ್ನು ಮಾತ್ರ ಗೋಡೆಗೆ ತೂಗುಹಾಕಬೇಡಿ, ಬೆಳಕಿಗೆ ಮಾಸುತ್ತದೆ. ಆಲ್ಬಮ್ಮಿನಲ್ಲಿ ಮುಚ್ಚಿಡಿ.