ಹಲ್ಕ್ ಮೇಲೋ, ಥಾರ್ ಮೇಲೋ: ಮುಗಿಯದ ಜಗಳದ ಹಿಂದಿನ ಕತೆ

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಪೈಲ್ವಾನರ ಮೈಕಟ್ಟು, ತೂಕ ನೋಡಿ ಸಮಬಲದ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಯಾರು ಚಿತ್ ಆದರು ಅನ್ನುವುದನ್ನು ಅಖಾಡದ ಸುತ್ತ ಕೂತವರೆಲ್ಲ ನೋಡಿರುತ್ತಾರೆ. ಇದೇ ಊರಲ್ಲಿ ಸಿನಿಮಾ ಬಿಟ್ಟ ಮೇಲೆ ಟೀ ಅಂಗಡಿ ಮುಂದೆ ಹುಡುಗರು ಕಟ್ಟುವ ಜೋಡಿಗಳೇ ಬೇರೆ. ಹಲ್ಕ್‌ಗೆ ಥಾರ್, ಸೂಪರ್‌ಮ್ಯಾನ್‌ಗೆ ಬ್ಯಾಟ್‌ಮ್ಯಾನ್. ಎಲ್ಲರೂ ಅಮೆರಿಕದ ಕಾಮಿಕ್ ಪುಸ್ತಕಗಳಿಂದ ಸಿನಿಮಾಕ್ಕೆ ಬಂದ ವೀರರು; ಹಲ್ಕ್ ಹಸಿರು ಮೈಯ ದೈತ್ಯ, ಥಾರ್ ಸುತ್ತಿಗೆ ಹಿಡಿದ ಗುಡುಗಿನ ದೇವರು. ಇಲ್ಲಿ ತೂಕ ಹಾಕೋರು ಯಾರು?

ಈ ಜಗಳ ಸಿನಿಮಾಕ್ಕಿಂತ ಹಳೆಯದು. 1965ರ ಒಂದು ಕಾಮಿಕ್‌ನಲ್ಲಿ ಮಕ್ಕಳ ಗುಂಪೊಂದು ಹಲ್ಕ್ ಜಾಸ್ತಿಯೋ ಥಾರ್ ಜಾಸ್ತಿಯೋ ಎಂದು ಕಿತ್ತಾಡುತ್ತಿರುತ್ತದೆ. ಥಾರ್ ತಾನೇ ಅಲ್ಲಿಗೆ ಬಂದು, ಹಲ್ಕ್ ಜೊತೆ ಹೊಡೆದಾಡಿದ ಕತೆ ಹೇಳುತ್ತಾನೆ. ಕತೆಯೇನೋ ಮುಗಿಯುತ್ತದೆ, ಪಂದ್ಯ ಮಾತ್ರ ಇತ್ಯರ್ಥವಾಗುವುದಿಲ್ಲ. ಪ್ರಕಾಶಕರು ಜಾಣರು, ಅಲ್ವಾ?

ಅಸಲಿಗೆ ಈ ವೀರರ ಬಲ ನಿಂತಲ್ಲಿ ನಿಲ್ಲುವುದೇ ಇಲ್ಲ. 1938ರಲ್ಲಿ ಬಂದಾಗ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ. ಅದೂ ಸುಮಾರು 200 ಮೀಟರ್. ಫಿರಂಗಿ ಗುಂಡು ಸಿಡಿದರೆ ಅವನ ಚರ್ಮವೂ ಹರಿಯುತ್ತದೆ ಎಂದು ಮೊದಲ ಕತೆಯಲ್ಲೇ ಇತ್ತು. 1978ರ ಸಿನಿಮಾ ಹೊತ್ತಿಗೆ ಅವನು ಭೂಮಿಯನ್ನು ಸುತ್ತಿ ಸುತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸಿದ. ಬಲ ಹೀಗೆ ಏರಿದರೆ ಅವನಿಗೆ ಎದುರಾಳಿ ಎಲ್ಲಿಂದ ತರುವುದು? ಅವನನ್ನು ನಿತ್ರಾಣ ಮಾಡುವ ಕ್ರಿಪ್ಟೊನೈಟ್ ಕಲ್ಲು 1943ರಲ್ಲಿ ರೇಡಿಯೊ ನಾಟಕದ ಮೂಲಕ ಬಂತು. ಅದಿಲ್ಲದಿದ್ದರೆ ಎಷ್ಟೋ ಕತೆಗಳು ಎರಡನೇ ಪುಟಕ್ಕೇ ಮುಗಿದುಹೋಗುತ್ತಿದ್ದವು.

ಎಂಬತ್ತರ ದಶಕದಲ್ಲಿ ಹಲ್ಕ್, ಥಾರ್ ಕತೆಗಳ ಪ್ರಕಾಶಕ ಸಂಸ್ಥೆ ಮಾರ್ವೆಲ್ ಒಂದು ಕೈಪಿಡಿ ತಂದು ಎಲ್ಲರ ಬಲವನ್ನೂ ಟನ್ ಲೆಕ್ಕದಲ್ಲಿ ಬರೆಯಿತು. ಸ್ಪೈಡರ್‌ಮ್ಯಾನ್ 10 ಟನ್ ಎತ್ತುತ್ತಾನೆ. ಹಲ್ಕ್ ಮತ್ತು ಥಾರ್ ಇಬ್ಬರೂ 100 ಟನ್‌ಗೂ ಮೇಲೆ. ಅಂದರೆ ಜಗಳ ಎಲ್ಲಿತ್ತೋ ಸರಿಯಾಗಿ ಅಲ್ಲೇ ತಕ್ಕಡಿ ಕೈಕೊಟ್ಟಿತು. ಸಾಲದ್ದಕ್ಕೆ ಹಲ್ಕ್‌ಗೆ ಕೋಪ ಏರಿದಷ್ಟೂ ಬಲ ಏರುತ್ತದೆ. 1996ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕತೆಗಳ ಪ್ರಕಾಶಕ ಸಂಸ್ಥೆ ಡಿಸಿ ಮತ್ತು ಮಾರ್ವೆಲ್ ಸೇರಿ ತಮ್ಮ ವೀರರನ್ನು ಕಾದಾಟಕ್ಕೆ ಬಿಟ್ಟು, ಐದು ಮುಖ್ಯ ಪಂದ್ಯಗಳ ಫಲಿತಾಂಶವನ್ನು ಓದುಗರ ಮತಕ್ಕೆ ಹಾಕಿದವು. ಸೂಪರ್‌ಮ್ಯಾನ್ ಹಲ್ಕ್‌ನನ್ನು ಸೋಲಿಸಿದ, ಬ್ಯಾಟ್‌ಮ್ಯಾನ್ ಕ್ಯಾಪ್ಟನ್ ಅಮೆರಿಕಾನನ್ನು. ನನ್ನ ಪ್ರಕಾರ ಅದು ಕುಸ್ತಿಯಲ್ಲ, ಎಲೆಕ್ಷನ್ನು.

ಸಿನಿಮಾ ಬಂದ ಮೇಲೆ ಎರಡೂ ಕಡೆಗೆ ಸಾಕ್ಷಿ ಸಿಕ್ಕಿತು. 2012ರ 'ದಿ ಅವೆಂಜರ್ಸ್'ನಲ್ಲಿ ಥಾರ್‌ನ ಸುತ್ತಿಗೆಯನ್ನು ಹಲ್ಕ್ ಎತ್ತಲಾರದೆ ಒದ್ದಾಡುತ್ತಾನೆ. ಥಾರ್ ಕಡೆಯವರು ಇದನ್ನೇ ಹಿಡಿದುಕೊಂಡರು. ಆದರೆ ಆ ಸುತ್ತಿಗೆ ಕೇಳುವುದು ಯೋಗ್ಯತೆಯನ್ನು, ತೋಳ್ಬಲವನ್ನಲ್ಲ. ಕೈಲಾಸ ಎತ್ತಿದ ರಾವಣನ ಕೈಲಿ ಶಿವಧನುಸ್ಸು ಎತ್ತಲು ಆಗಲಿಲ್ಲ ಅನ್ನುವ ಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ 'ಥಾರ್: ರಾಗ್ನರಾಕ್'ನಲ್ಲಿ ಇಬ್ಬರೂ ಅಖಾಡಕ್ಕೇ ಇಳಿದರು. ಮಿಂಚು ಮೈದುಂಬಿ ಥಾರ್ ಮೇಲುಗೈ ಸಾಧಿಸಿದ. ಇನ್ನೇನು ಅನ್ನುವಾಗ ಪಂದ್ಯ ನಡೆಸುವವನೇ ಥಾರ್‌ನ ಕುತ್ತಿಗೆಗೆ ಅಂಟಿಸಿದ್ದ ಯಂತ್ರವನ್ನು ದೂರದಿಂದಲೇ ಚಾಲೂ ಮಾಡಿ ಶಾಕ್ ಕೊಟ್ಟು ಕೆಡವಿದ. ನಮ್ಮ ದಸರಾ ಅಖಾಡದಲ್ಲಿ ಹೀಗಾಗಿದ್ದರೆ ಜನ ಸುಮ್ನೆ ಎದ್ದು ಹೋಗುತ್ತಿರಲಿಲ್ಲ.

ಇಂಥ ಇಕ್ಕಟ್ಟಿಗೆ ನಮ್ಮವರು 1977ರಲ್ಲೇ ಒಂದು ದಾರಿ ಕಂಡುಕೊಂಡಿದ್ದರು. 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನನ್ನು ಸೋಲಿಸುವ ಮಗನೂ ರಾಜ್‌ಕುಮಾರ್. ಅಭಿಮಾನಿಗಳಿಗೆ ಸೋಲೇ ಇಲ್ಲ.

ಕತೆ ಬರೆಯುವವನು ಯಾರನ್ನು ಗೆಲ್ಲಿಸಬೇಕು ಅಂದುಕೊಳ್ಳುತ್ತಾನೋ ಅವನೇ ಗೆಲ್ಲುತ್ತಾನೆ ಎಂದು ಹಲ್ಕ್‌ನನ್ನು ಸೃಷ್ಟಿಸಿದವರಲ್ಲೊಬ್ಬರಾದ ಸ್ಟ್ಯಾನ್ ಲೀ ಹೇಳಿದ್ದರು. ಹುಡುಗರು ಅದನ್ನು ಒಪ್ಪುವುದಿಲ್ಲ, ಒಪ್ಪಿದರೆ ಟೀ ಕುಡಿಯಲು ನೆಪ ಬೇಕಲ್ಲ. 2025ರ 'ಸೂಪರ್‌ಮ್ಯಾನ್' ಶುರುವಾಗುವುದೇ ಅವನು ಮೊದಲ ಬಾರಿ ಸೋತು, ರಕ್ತ ಸುರಿಸುತ್ತಾ ಹಿಮದಲ್ಲಿ ಬಿದ್ದಿರುವಾಗ. ಆ ಸೋಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅನ್ನುವುದು ಈಗಿನ ಹೊಸ ತಕರಾರು.