ತಂಬೂರಿಯ ಜೀವಾಳ ಮತ್ತು ಡಾಲ್ಬಿ

ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ರಾಮನವಮಿ ಕಚೇರಿಗಳ ಕ್ಯಾಸೆಟ್‌ಗಳು ಒಂದು ಟ್ರಂಕಿನ ತುಂಬ ಇವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾ ಟೇಪಿನ ಸದ್ದು ತಗ್ಗಿಸುವ ಬಗ್ಗೆ ಕಲಿತದ್ದನ್ನು ಜೊತೆಗೆ ಕಲಿಯುವವರಿಗಾಗಿ ಬರೆದಿಡುತ್ತಿದ್ದೇನೆ.

ಕ್ಯಾಸೆಟ್ ಟೇಪಿನ ಅಗಲ 4 ಮಿ.ಮೀ.ಗೂ ಕಡಿಮೆ, ಓಟ ಸೆಕೆಂಡಿಗೆ 4.76 ಸೆಂ.ಮೀ. ಹಾಗಾಗಿ ಕಾಂತೀಯ ಕಣಗಳ 'ಸುಯ್' ಸದ್ದು ತಪ್ಪಿದ್ದಲ್ಲ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಅಬ್ಬರದಲ್ಲಿ ಅದು ಮುಳುಗಿಹೋಗುತ್ತದೆ. ಆಲಾಪನೆಯ ನಡುವೆ ತಂಬೂರಿಯೊಂದೇ ಉಳಿದಾಗ ಮೇಲೇಳುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದ ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲೇ ಇದ್ದವರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಮನೆ ಬಳಕೆಯ ಡಾಲ್ಬಿ ಬಿ 1968ರಲ್ಲಿ ಬಂತು. ಧ್ವನಿಮುದ್ರಿಸುವಾಗ ಅದು ಮೆಲುದನಿಯ ಹೆಚ್ಚು ಕಂಪನಾಂಕದ ನಾದಗಳನ್ನಷ್ಟೇ ಸುಮಾರು 10 ಡೆಸಿಬಲ್ ಎತ್ತುತ್ತದೆ, ಕೇಳಿಸುವಾಗ ಅಷ್ಟೇ ಇಳಿಸುತ್ತದೆ. ಸಂಗೀತ ಮೊದಲಿನಂತಾಗುತ್ತದೆ, ನಡುವೆ ಸೇರಿಕೊಂಡ ಟೇಪಿನ ಸದ್ದು ಮಾತ್ರ ತಗ್ಗುತ್ತದೆ.

ತೊಡಕಿರುವುದು ಮಟ್ಟದಲ್ಲಿ. ಯಾವುದು ಮೆಲ್ಲಗಿನದು ಎಂದು ಯಂತ್ರ ಒಂದು ನಿಗದಿತ ಅಳತೆಯಿಂದ ತೀರ್ಮಾನಿಸುತ್ತದೆ. ಟೇಪನ್ನು ಓದುವ ಹೆಡ್ ಕೊಳೆಯಾಗಿದ್ದರೆ, ಕೂದಲೆಳೆಯಷ್ಟು ವಾರೆಯಾಗಿದ್ದರೆ ಮೇಲಿನ ನಾದಗಳು ಕುಗ್ಗಿ ಬರುತ್ತವೆ. ಡಾಲ್ಬಿ ಅವನ್ನು ಇನ್ನೂ ಮೆಲ್ಲಗಿನವೆಂದು ತಿಳಿದು ಮತ್ತಷ್ಟು ಒತ್ತುತ್ತದೆ. ಮೊದಲು ಹೋಗುವುದು ತಂಬೂರಿಯ ಜೀವಾಳ: ತಂತಿಗಳನ್ನು ಹೊರುವ ಕುದುರೆಯ ಮೇಲಿನ ಆ ನೂಲಿನ ಎಳೆ ಹುಟ್ಟಿಸುವ ಝೇಂಕಾರವೆಲ್ಲ ಇದೇ ಮೆಲುದನಿಯ ವಲಯದ್ದು. ಎಷ್ಟೋ ದಿನ ನಾನು ಟೇಪೇ ಹಳತಾಯಿತೆಂದು ಕೊರಗಿದ್ದೆ. ಹೆಡ್ ಪಕ್ಕದ ಸಣ್ಣ ತಿರುಪನ್ನು ಕಾಲು ಸುತ್ತಿಗೂ ಕಡಿಮೆ ತಿರುಗಿಸಿದಾಗ ಶ್ರುತಿ ಮನೆ ತುಂಬಿತು.

ಇದೇ ಸದ್ದು ತಗ್ಗಿಸುವ ಇನ್ನೊಂದು ಸಾಧನ, ಡೇವಿಡ್ ಬ್ಲ್ಯಾಕ್‌ಮರ್ ಅವರ ಡಿಬಿಎಕ್ಸ್ ಪೆಟ್ಟಿಗೆ, ಇಡೀ ಧ್ವನಿಯನ್ನು ಡೆಸಿಬಲ್ ಲೆಕ್ಕದಲ್ಲಿ ಅರ್ಧಕ್ಕೆ ಕುಗ್ಗಿಸಿ ಮತ್ತೆ ಹಿಗ್ಗಿಸುತ್ತದೆ. ಮೌನ ಇನ್ನೂ ಗಾಢ. ಆದರೆ ಮೃದಂಗದ ಎಡಬದಿಯ ಒಂಟಿ ಗುಮಕಿಯ ಹಿಂದೆ ಟೇಪಿನ ಸದ್ದು ಉಸಿರಿನಂತೆ ಏರಿಳಿಯುವುದು ಕೇಳುತ್ತದೆ. ಹಾಗೆ ಮುದ್ರಿಸಿದ ಟೇಪನ್ನು ಡಿಬಿಎಕ್ಸ್ ಇಲ್ಲದ ಡೆಕ್‌ನಲ್ಲಿ ಹಾಗೆಯೇ ಕೇಳಲಾಗದು. ಮತ್ತೊಂದು ಸಾಧನವಾದ ಫಿಲಿಪ್ಸ್‌ನ ಡಿಎನ್‌ಎಲ್ ಕೇಳಿಸುವಾಗ ಮಾತ್ರ ಮೆಲುದನಿಯ ಮೇಲಿನ ನಾದಗಳನ್ನು ಕತ್ತರಿಸುತ್ತದೆ, ಜೀವಾಳವೂ ಜೊತೆಗೆ ಹೋಗುತ್ತದೆ. ನಮ್ಮ ಸಂಗೀತಕ್ಕೆ ಅದು ಬೇಡ.

ನಾನು ಅನುಸರಿಸುವ ಕ್ರಮ: ಎಸ್.ಪಿ. ರಸ್ತೆಯಿಂದ ತಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಹೆಡ್ ಒರೆಸುತ್ತೇನೆ. ಡಾಲ್ಬಿಯನ್ನು ಆಫ್ ಮಾಡಿ, ತಂಬೂರಿ ಅತ್ಯಂತ ಸ್ಪಷ್ಟವಾಗುವವರೆಗೆ ತಿರುಪು ಹೊಂದಿಸುತ್ತೇನೆ. ಆಮೇಲಷ್ಟೇ ಡಾಲ್ಬಿ ಹಾಕುತ್ತೇನೆ. ಡಾಲ್ಬಿ ಇಲ್ಲದ ಒಂದು ಪ್ರತಿಯನ್ನೂ ತಪ್ಪದೆ ಉಳಿಸಿಕೊಳ್ಳುತ್ತೇನೆ.