ಚಿಮಣಿಗೂ ಒಂದು ಪಾಲು ಬಿಡಿ

ಸೌದೆ ಉರಿಸಿ ಕೋಣೆ ಬೆಚ್ಚಗಿಡುವ ಇಟ್ಟಿಗೆ ಹೀಟರ್‌ನ ತತ್ವ ಸರಳ. ದಿನಕ್ಕೆ ಒಂದೋ ಎರಡೋ ಸಲ, ಒಂದೆರಡು ಗಂಟೆ ಜೋರಾಗಿ ಉರಿಸಬೇಕು. ಬಿಸಿ ಹೊಗೆ ಒಳಗಿನ ಸುತ್ತುದಾರಿಗಳಲ್ಲಿ ಹಾದು, ಇಟ್ಟಿಗೆಗೆ ಶಾಖ ಕೊಟ್ಟು, ಆಮೇಲೆ ಚಿಮಣಿ ಸೇರುತ್ತದೆ. ಬೆಂಕಿ ಆರಿದ ಮೇಲೂ ಇಟ್ಟಿಗೆ ಗಂಟೆಗಟ್ಟಲೆ ಶಾಖ ಬಿಡುತ್ತಾ ಇರುತ್ತದೆ. ಸೌದೆಗೆ ತತ್ವಾರ ಬಂದಿದ್ದ ಸ್ವೀಡನ್‌ನಲ್ಲಿ 1767ರಲ್ಲಿ ಕಾರ್ಲ್ ಯೊಹಾನ್ ಕ್ರೋನ್‌ಸ್ಟೆಡ್ಟ್ ಮತ್ತು ಫಾಬಿಯಾನ್ ವ್ರೇಡೆ ರೂಪಿಸಿದ ಒಲೆಯ ಗುಟ್ಟೂ ಇದೇ: ಹೊಗೆಯನ್ನು ನೇರವಾಗಿ ಹೊರಗೆ ಬಿಡದೆ ಮೇಲೆ ಕೆಳಗೆ ಓಡಾಡಿಸುವುದು.

ಇದನ್ನು ತಾವೇ ಕಟ್ಟಿಕೊಂಡವರ ದೂರುಗಳು ಸಾಮಾನ್ಯವಾಗಿ ಹೀಗಿರುತ್ತವೆ. ಬಾಗಿಲು ತೆಗೆದರೆ ಹೊಗೆ ಮುಖಕ್ಕೆ ರಾಚುತ್ತದೆ. ಬೆಂಕಿ ಮಂಕಾಗಿ ಉರಿಯುತ್ತದೆ. ಚಿಮಣಿಯ ಬುಡದಲ್ಲಿ ಕಪ್ಪು ಅಂಟು ನೀರು ಇಳಿಯುತ್ತದೆ. ಗೋಡೆ ಬಿರುಕು ಬಿಟ್ಟಿದೆ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಹೆಚ್ಚಾಗಿ ಒಂದೇ ರೋಗದ ಲಕ್ಷಣಗಳು. ಕಟ್ಟಿದವರು ಶಾಖದ ಆಸೆಗೆ ಬಿದ್ದು ಚಿಮಣಿಯ ಪಾಲನ್ನೂ ಕಿತ್ತುಕೊಂಡಿರುತ್ತಾರೆ.

ಚಿಮಣಿ ಹೊಗೆಯನ್ನು ಎಳೆಯುವುದು ತನ್ನೊಳಗಿನ ಗಾಳಿ ಬಿಸಿಯಾಗಿ, ಹೊರಗಿನದಕ್ಕಿಂತ ಹಗುರ ಇರುವುದರಿಂದ. ಲೆಕ್ಕ ಹಾಕಿ ನೋಡೋಣ. ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಂದು ಘನ ಮೀಟರ್ ಗಾಳಿ ಸುಮಾರು 1.29 ಕಿಲೋ ತೂಗುತ್ತದೆ. 150 ಡಿಗ್ರಿಯಲ್ಲಿ ಅದು ಸುಮಾರು 0.83 ಕಿಲೋಗೆ ಇಳಿಯುತ್ತದೆ. ಐದು ಮೀಟರ್ ಎತ್ತರದ ಚಿಮಣಿಯಲ್ಲಿ ಈ ವ್ಯತ್ಯಾಸದಿಂದ ಸಿಗುವ ಸೆಳೆತ ಹತ್ತಿರ ಹತ್ತಿರ 22 ಪ್ಯಾಸ್ಕಲ್ (ಪ್ಯಾಸ್ಕಲ್ ಅಂದರೆ ಒತ್ತಡದ ಅಳತೆ). ಹೊರಗೆ 15 ಡಿಗ್ರಿ, ಒಳಗೆ ಬರೀ 40 ಡಿಗ್ರಿ ಇದ್ದರೆ? 5 ಪ್ಯಾಸ್ಕಲ್ ಕೂಡ ದಾಟುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಂದು ಓಡುತ್ತಿದ್ದರೂ ಸಾಕು, ಅಷ್ಟು ಸೆಳೆತ ಸೋತು ಹೊಗೆ ವಾಪಸ್ ಬರಬಹುದು. ಹಾಗಾಗಿ ಇಟ್ಟಿಗೆ ಕೀಳುವ ಮುಂಚೆ ಫ್ಯಾನ್ ಆರಿಸಿ, ಕಿಟಕಿಯೊಂದನ್ನು ತೆರೆದು ಉರಿಸಿ ನೋಡಿ. ಬೆಂಕಿ ಚುರುಕಾದರೆ ಕೊರತೆ ಇರುವುದು ಕೋಣೆಗೆ ಬರುವ ಗಾಳಿಯಲ್ಲಿ, ಹೀಟರ್‌ನಲ್ಲಲ್ಲ.

ಕಿಟಕಿ ತೆರೆದರೂ ಬದಲಾಗಲಿಲ್ಲ ಅಂದರೆ ಒಳದಾರಿಯ ಕಡೆ ಗಮನ ಕೊಡಬೇಕು. ಸುತ್ತುದಾರಿ ಉದ್ದವಾದಷ್ಟೂ ಜಾಸ್ತಿ ಶಾಖ ಸಿಗುತ್ತದೆ ಎನ್ನುವುದು ಅರ್ಧ ಸತ್ಯ. ಪ್ರತಿ ತಿರುವಿನಲ್ಲೂ ಹೊಗೆಯ ವೇಗ ತಗ್ಗುತ್ತದೆ, ಪ್ರತಿ ಅಡಿಗೂ ಅದು ತಣ್ಣಗಾಗುತ್ತದೆ. ಅಂದರೆ ತಡೆಯೂ ಹೆಚ್ಚು, ಎಳೆಯುವ ಶಕ್ತಿಯೂ ಕಡಿಮೆ. ಎರಡು ಕಡೆಯಿಂದಲೂ ಪೆಟ್ಟು. ಚಿಮಣಿ ಸೇರುವ ಜಾಗದಲ್ಲಿ ಒಂದು ಥರ್ಮಾಮೀಟರ್ ಕೂರಿಸಿದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ. ಜೋರು ಉರಿಯ ಹೊತ್ತಲ್ಲಿ 150 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. 250 ದಾಟಿದರೆ ಸೌದೆಯ ದುಡ್ಡು ಆಕಾಶಕ್ಕೆ ಹೋಗುತ್ತಿದೆ. 80ಕ್ಕಿಂತ ಕೆಳಗಿದ್ದರೆ ಚಿಮಣಿಯ ತಣ್ಣನೆ ಗೋಡೆಯ ಮೇಲೆ ಹೊಗೆಯಲ್ಲಿರುವ ನೀರಾವಿ ಮತ್ತು ಟಾರ್ ಕೂರಲು ಶುರುವಾಗುತ್ತವೆ. ಆ ಕಪ್ಪು ಅಂಟು ನೀರು ಅದೇ. ಒಣಗಿದ ಟಾರ್ ಮುಂದೊಂದು ದಿನ ಚಿಮಣಿಯೊಳಗೇ ಹೊತ್ತಿಕೊಳ್ಳಬಹುದು. ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ತಣ್ಣಗಿನ ಹೀಟರ್ ಹೊತ್ತಿಸುವಾಗಿನ ಹೊಗೆಗೆ ಮದ್ದು ಅಡ್ಡದಾರಿ. ಉರಿಗೂಡಿನಿಂದ ನೇರವಾಗಿ ಚಿಮಣಿಗೆ ಒಂದು ಸಣ್ಣ ಕಂಡಿ, ಅದಕ್ಕೊಂದು ತಗಡಿನ ಮುಚ್ಚಳ. ಮೊದಲ ಹತ್ತು ನಿಮಿಷ ಅದನ್ನು ತೆರೆದಿಟ್ಟರೆ ಚಿಮಣಿ ಬಿಸಿಯಾಗಿ ಸೆಳೆತ ಹಿಡಿಯುತ್ತದೆ. ಆಮೇಲೆ ಮುಚ್ಚಿದರೆ ಹೊಗೆ ಸುತ್ತುದಾರಿ ಹಿಡಿಯುತ್ತದೆ.

ಸುತ್ತುದಾರಿಯೇ ವಿಪರೀತ ಆಗಿದ್ದರೆ ನನ್ನ ಮತ ನಡುಗೋಡೆಗಳನ್ನು ಒಡೆದು ಹಾಕುವುದಕ್ಕೆ. ಹುಚ್ಚು ಅನ್ನಿಸುತ್ತದೆ, ಅಲ್ವಾ? ಆದರೆ ಇದಕ್ಕೆ ಒಳ್ಳೆಯ ಆಧಾರ ಇದೆ. ಕುಲುಮೆಗಳಲ್ಲಿ ಬಿಸಿ ಅನಿಲ ಹೇಗೆ ಹರಿಯುತ್ತದೆ ಎಂದು 20ನೇ ಶತಮಾನದ ಆರಂಭದಲ್ಲಿ ಅಧ್ಯಯನ ಮಾಡಿದವನು ರಷ್ಯಾದ ಲೋಹವಿಜ್ಞಾನಿ ವ್ಲಾದಿಮಿರ್ ಗ್ರುಮ್-ಗ್ರಿಝಿಮೈಲೊ. ಆ ವಿಚಾರದಿಂದ ಬೆಳೆದ ಹೀಟರ್‌ಗಳಲ್ಲಿ ಕೊಳವೆಯಂಥ ದಾರಿಗಳ ಬದಲು ಒಂದು ದೊಡ್ಡ ಖಾಲಿ ಕೋಣೆ ಇರುತ್ತದೆ. ಬಿಸಿ ಹೊಗೆ ತಾನಾಗಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ಶಾಖ ಕಳೆದುಕೊಂಡದ್ದು ಮಾತ್ರ ಕೆಳಗಿಳಿದು, ನೆಲದ ಹತ್ತಿರದ ಕಂಡಿಯಿಂದ ಹೊರಗೆ ಹೋಗುತ್ತದೆ. ತಿರುವುಗಳೇ ಇಲ್ಲದ್ದರಿಂದ ತಡೆ ತೀರಾ ಕಡಿಮೆ. ಚಿಮಣಿ ಹೊಗೆಯನ್ನು ಬಲವಂತವಾಗಿ ಸುತ್ತಿಸಬೇಕಾಗಿಲ್ಲ. ಆದರೆ ಒಡೆಯುವ ಮುಂಚೆ ಮೇಲಿನ ಚಪ್ಪಡಿಯ ಭಾರವನ್ನು ಆ ಗೋಡೆಗಳೇ ಹೊತ್ತಿವೆಯಾ ಅಂತ ನೋಡಿಕೊಳ್ಳಿ.

ಇನ್ನು ಸೌದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2.3 ಮೆಗಾಜೂಲ್ ಖರ್ಚು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕಾದ ಮರ ಬಿಡುವ ಅನಿಲಗಳಲ್ಲೇ ಅದರ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಅಡಗಿದೆ. ಅವು ಚೆನ್ನಾಗಿ ಉರಿಯಲು 600 ಡಿಗ್ರಿಗೂ ಮೇಲಿನ ಬಿಸಿ ಬೇಕು. ನೀರು ಆ ಬಿಸಿಯನ್ನು ಏರಲು ಬಿಡುವುದಿಲ್ಲ. ಉರಿಯದೆ ಹೋದ ಅನಿಲವೇ ಟಾರ್ ಆಗಿ ಚಿಮಣಿಗೆ ಅಂಟುವುದು. ತೇವ 20 ಶೇಕಡಾಕ್ಕಿಂತ ಕಡಿಮೆ ಇರುವ, ಸೀಳಿ ಒಣಗಿಸಿದ ಸೌದೆ ಬಳಸಿ. ಗಾಳಿ ಮುಚ್ಚಿ ರಾತ್ರಿಯೆಲ್ಲ ಹೊಗೆಯಾಡಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಶಾಖ ಕಾಯ್ದಿಡುವುದು ಇಟ್ಟಿಗೆಯ ಕೆಲಸ, ಬೆಂಕಿಯದಲ್ಲ.

ಎಷ್ಟು ಉರಿಸಿದರೂ ಗೋಡೆ ಬೆಚ್ಚಗಾಗದಿದ್ದರೆ ತೂಕ ನೋಡಬೇಕು. ಒಂದು ಟನ್ ಇಟ್ಟಿಗೆಯನ್ನು 50 ಡಿಗ್ರಿ ಏರಿಸಲು ಸುಮಾರು 42 ಮೆಗಾಜೂಲ್ ಬೇಕು. ಒಣ ಸೌದೆ ಕಿಲೋಗೆ 15ರಷ್ಟು ಕೊಡುತ್ತದೆ. ಮೂರು ಟನ್ ಹೀಟರ್‌ಗೆ ಐದು ಕಿಲೋ ಸೌದೆ ಹಾಕಿ ಪವಾಡ ಕಾಯಬಾರದು. ಹೊಸದಾಗಿ ಕಟ್ಟಿದ್ದಾದರೆ ಮೊದಮೊದಲು ಬಹುಪಾಲು ಶಾಖ ಗಾರೆಯ ನೀರು ಒಣಗಿಸುವುದರಲ್ಲೇ ಮುಗಿಯುತ್ತದೆ. ಕೆಲವು ವಾರ ಸಣ್ಣ ಬೆಂಕಿಯಲ್ಲೇ ಒಣಗಿಸಿ.

ಬಿರುಕಿನ ಕಥೆ ಬೇರೆ. ಒಂದು ಮೀಟರ್ ಇಟ್ಟಿಗೆ ಸಾಲು 500 ಡಿಗ್ರಿ ಕಾದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಹಿಗ್ಗುತ್ತದೆ. ಹೊರಗೋಡೆ 60 ಡಿಗ್ರಿಯಲ್ಲಿ ಅಷ್ಟು ಹಿಗ್ಗುವುದಿಲ್ಲ. ಒಳಗೂಡೂ ಹೊರಗೋಡೆಯೂ ಒಂದಕ್ಕೊಂದು ಅಂಟಿದ್ದರೆ ಹೊರಗಿನದು ಸೀಳಲೇಬೇಕು. ಮೇಲೆ ಗಾರೆ ಮೆತ್ತಿದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಬಿರುಕು. ಎರಡರ ನಡುವೆ ಕೆಲವು ಮಿಲಿಮೀಟರ್ ಸಂದು ಇರಬೇಕು. ಕಟ್ಟುವಾಗ ರಟ್ಟು ಇಟ್ಟರೂ ಆಗುತ್ತದೆ, ಅದು ಸುಟ್ಟುಹೋಗಿ ಜಾಗ ಉಳಿಯುತ್ತದೆ. ಕಬ್ಬಿಣದ ಬಾಗಿಲ ಚೌಕಟ್ಟು ಇಟ್ಟಿಗೆಯ ಎರಡರಷ್ಟು ಹಿಗ್ಗುವುದರಿಂದ ಅದರ ಸುತ್ತ ಗಾರೆಯ ಬದಲು ಸೆರಾಮಿಕ್ ಹಗ್ಗ ತುರುಕಬೇಕು. ಉರಿಗೂಡಿಗೆ ಸಿಮೆಂಟ್ ಗಾರೆ ಬೇಡವೇ ಬೇಡ, ಆ ಬಿಸಿಗೆ ಅದು ಪುಡಿಯಾಗುತ್ತದೆ. ಬೆಂಕಿ ತಡೆಯುವ ಜೇಡಿಮಣ್ಣಿನ ಗಾರೆ ಬಳಸಿ. ಬಿರುಕು ಒಳಗಿನವರೆಗೂ ಹೋಗಿದೆಯಾ ಎಂದು ತಿಳಿಯಲು ತಣ್ಣಗಿನ ಉರಿಗೂಡಿನೊಳಗೆ ಟಾರ್ಚ್ ಇಟ್ಟು, ಕೋಣೆಯ ದೀಪ ಆರಿಸಿ ಹೊರಗಿಂದ ನೋಡಿ. ಬೆಳಕು ಬಂದಲ್ಲಿ ಹೊಗೆಯೂ ಬರುತ್ತದೆ.

ಶಾಖ ಉಳಿಸಲು ಚಿಮಣಿಯ ಡ್ಯಾಂಪರ್, ಅಂದರೆ ಹೊಗೆದಾರಿಯನ್ನು ಮುಚ್ಚುವ ತಗಡು, ಬೇಗ ಮುಚ್ಚುವುದು ಮಾತ್ರ ಪ್ರಾಣಕ್ಕೇ ಅಪಾಯ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಂಡ ಪೂರ್ತಿ ಆರುವವರೆಗೆ ಡ್ಯಾಂಪರ್ ಮುಟ್ಟಬೇಡಿ. ಮುಚ್ಚಿದರೂ ಪೂರ್ತಿ ಮುಚ್ಚದಂತೆ ಅದರ ತಗಡಿನಲ್ಲಿ ಒಂದು ತೂತು ಕೊರೆದಿಡಿ, ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಆ ತೂತಿನಿಂದ ಹೋಗುವ ಶಾಖ ತೀರಾ ಅಲ್ಪ.